ಪ್ರಮಾದವೂ ಪಾತ್ರತೆಯೂ: ವಾಹನ ಚಾಲನೆಯ ಅಪರಾಧ ಮತ್ತು ಕೋವಿಯ ಪರವಾನಗಿ

ಮನುಷ್ಯನು ಒಂದು ವಿಷಯದಲ್ಲಿ ಮಾಡಿದ ತಪ್ಪನ್ನು ಮತ್ತೊಂದು ವಿಷಯದಲ್ಲಿ ಅವನ ಯೋಗ್ಯತೆಯನ್ನು ಅಳೆಯಲು ಬಳಸಬಹುದೇ? ಈ ಪ್ರಶ್ನೆಯು ಮೇಲ್ನೋಟಕ್ಕೆ ಕೇವಲ ತರ್ಕದ್ದೆಂದು ತೋರಿದರೂ ನಿತ್ಯಜೀವನದಲ್ಲಿ ಪದೇ ಪದೇ ಎದುರಾಗುವಂಥದು. ಅಂಗಡಿಯ ಲೆಕ್ಕದಲ್ಲಿ ಒಮ್ಮೆ ತಪ್ಪಿದವನ ಕೈಗೆ ಬಸದಿಯ ಭಂಡಾರದ ಬೀಗದ ಕೈಯನ್ನು ಕೊಡಬಹುದೇ? ಮನೆಯಲ್ಲಿ ಕೋಪಿಷ್ಠನೆನಿಸಿಕೊಂಡವನನ್ನು ಮಕ್ಕಳ ಪಾಠಶಾಲೆಗೆ ನೇಮಿಸಬಹುದೇ? ಇಂಥ ಸಂದರ್ಭಗಳಲ್ಲಿ ನಾವು ಸಾಮಾನ್ಯವಾಗಿ ಊಹೆಯಿಂದಲೋ ದಾಕ್ಷಿಣ್ಯದಿಂದಲೋ ತೀರ್ಮಾನಕ್ಕೆ ಬರುತ್ತೇವೆ. ಆದರೆ ಸರ್ಕಾರವು ಒಬ್ಬ ಪ್ರಜೆಗೆ ಕೋವಿಯ ಪರವಾನಗಿಯನ್ನು ಕೊಡುವಾಗ ಊಹೆಗೆ ಅವಕಾಶವಿಲ್ಲ. ಅಲ್ಲಿ ಅರ್ಜಿದಾರನ ಹಿಂದಿನ ನಡತೆಯ ವಿಚಾರಣೆ ನಡೆದೇ ನಡೆಯುತ್ತದೆ.

ಮಲೆನಾಡಿನಲ್ಲಿಯೋ ಕರಾವಳಿಯ ಒಳನಾಡಿನಲ್ಲಿಯೋ ತೋಟದ ನಡುವೆ ಒಂಟಿ ಮನೆ ಮಾಡಿಕೊಂಡಿರುವ ಒಬ್ಬ ಗೃಹಸ್ಥನಿದ್ದಾನೆಂದು ಭಾವಿಸೋಣ. ಆತ್ಮರಕ್ಷಣೆಗೆಂದು, ಬೆಳೆಯ ರಕ್ಷಣೆಗೆಂದು ಅವನು ಕೋವಿಯ ಪರವಾನಗಿಗೆ ಅರ್ಜಿ ಹಾಕುತ್ತಾನೆ. ಕೆಲವು ವರ್ಷಗಳ ಹಿಂದೆ ಅವನು ಕುಡಿದು ವಾಹನ ನಡೆಸಿ ನ್ಯಾಯಾಲಯದಲ್ಲಿ ದಂಡ ತೆತ್ತಿದ್ದಾನೆ. ಇನ್ನೊಮ್ಮೆ ಅತಿವೇಗದಿಂದ ಓಡಿಸಿ ಒಬ್ಬ ಪಾದಚಾರಿಗೆ ಗಾಯ ಮಾಡಿದ ಮೊಕದ್ದಮೆಯೂ ಇದೆ. ಠಾಣೆಯಿಂದ ಹೋದ ವರದಿಯಲ್ಲಿ ಇವೆರಡೂ ಸೇರುತ್ತವೆ. ಆಗ ಅವನ ಬಾಯಿಂದ ಬರುವ ಮೊದಲ ಮಾತು: ‘ಕಾರಿಗೂ ಕೋವಿಗೂ ಏನು ಸಂಬಂಧ?’

ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅದರಲ್ಲಿ ನ್ಯಾಯದ ಅಂಶವೊಂದಿದೆ. ಭ್ರಮೆಯ ಅಂಶವೂ ಒಂದಿದೆ. ಇವೆರಡನ್ನು ಬೇರ್ಪಡಿಸಿ ನೋಡುವುದೇ ಈ ಲೇಖನದ ಉದ್ದೇಶ.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಈ ವಿಷಯವನ್ನು ನಿಯಂತ್ರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳು. ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಯವರು, ಬೆಂಗಳೂರಿನಂಥ ನಗರಗಳಲ್ಲಿ ಪೊಲೀಸ್ ಆಯುಕ್ತರು ಪರವಾನಗಿ ಕೊಡುವ ಅಧಿಕಾರಿಗಳು. ಅರ್ಜಿ ಬಂದೊಡನೆ ಅವರು ಸಮೀಪದ ಠಾಣಾಧಿಕಾರಿಯಿಂದ ವರದಿ ತರಿಸಿಕೊಳ್ಳಬೇಕೆಂದು ಕಾಯ್ದೆಯ 13ನೆಯ ಕಲಂ ವಿಧಿಸುತ್ತದೆ.

ಕಾಯ್ದೆಯಲ್ಲಿ ಎರಡು ಬಗೆಯ ಅಡ್ಡಿಗಳಿವೆ. ಮೊದಲನೆಯದು 9ನೆಯ ಕಲಮಿನ ಸ್ಪಷ್ಟ ನಿಷೇಧ. 21 ವರ್ಷ ತುಂಬದವರು ಸಾಮಾನ್ಯವಾಗಿ ಅಗ್ನ್ಯಸ್ತ್ರವನ್ನು ಹೊಂದುವಂತಿಲ್ಲ. ಹಿಂಸೆಯನ್ನಾಗಲಿ ನೈತಿಕ ಅಧಃಪತನವನ್ನಾಗಲಿ ಒಳಗೊಂಡ ಅಪರಾಧಕ್ಕಾಗಿ ಸೆರೆವಾಸದ ಶಿಕ್ಷೆಗೆ ಒಳಗಾದವರು, ಆ ಶಿಕ್ಷೆ ಮುಗಿದ ಮೇಲೆ 5 ವರ್ಷಗಳವರೆಗೆ ಹೊಂದುವಂತಿಲ್ಲ. ಶಾಂತಿಪಾಲನೆಗಾಗಿ ಅಥವಾ ಸನ್ನಡತೆಗಾಗಿ ಮುಚ್ಚಳಿಕೆ ಬರೆದುಕೊಟ್ಟವರು ಆ ಅವಧಿ ತೀರುವ ತನಕ ಹೊಂದುವಂತಿಲ್ಲ. ಎರಡನೆಯ ಬಗೆಯ ಅಡ್ಡಿಯು 14ನೆಯ ಕಲಮಿನಲ್ಲಿದೆ. ಅರ್ಜಿದಾರನು ಯಾವುದೇ ಕಾರಣದಿಂದ ಪರವಾನಗಿಗೆ ಯೋಗ್ಯನಲ್ಲವೆಂದು ಅಧಿಕಾರಿಗೆ ತೋರಿದರೆ, ಅಥವಾ ಸಾರ್ವಜನಿಕ ಶಾಂತಿ ಮತ್ತು ಸುರಕ್ಷತೆಗೆ ಅಗತ್ಯವೆನಿಸಿದರೆ, ಅರ್ಜಿಯನ್ನು ನಿರಾಕರಿಸಬಹುದು. ಹಾಗೆ ನಿರಾಕರಿಸುವಾಗ ಕಾರಣಗಳನ್ನು ಬರೆದಿಡಬೇಕು. ಆದೇಶದ ವಿರುದ್ಧ 18ನೆಯ ಕಲಮಿನಂತೆ ಮೇಲ್ಮನವಿಗೂ ಅವಕಾಶವಿದೆ.

ಈ ಹಿನ್ನೆಲೆಯಲ್ಲಿ ವಾಹನ ಚಾಲನೆಯ ಅಪರಾಧಗಳನ್ನು ನೋಡಬೇಕು. ಅವೆಲ್ಲವೂ ಒಂದೇ ತೂಕದವಲ್ಲ. ಶಿರಸ್ತ್ರಾಣ ಧರಿಸದಿರುವುದು, ನಿಲ್ಲಿಸಬಾರದ ಕಡೆ ವಾಹನ ನಿಲ್ಲಿಸುವುದು ಮೊದಲಾದವುಗಳಿಗೆ ಸ್ಥಳದಲ್ಲಿಯೇ ದಂಡ ಕಟ್ಟಿದರೆ ವಿಷಯ ಮುಗಿಯಿತು. ಅಲ್ಲಿ ಸೆರೆವಾಸವೂ ಇಲ್ಲ, ನೈತಿಕ ಅಧಃಪತನವೂ ಇಲ್ಲ. ಆದುದರಿಂದ 9ನೆಯ ಕಲಂ ಅನ್ವಯಿಸದು. ಕುಡಿದು ವಾಹನ ನಡೆಸುವುದು ಹಾಗಲ್ಲ. 1988ರ ಮೋಟಾರು ವಾಹನ ಕಾಯ್ದೆಯ 185ನೆಯ ಕಲಮಿನಂತೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದರೆ ಅದು ಅಪರಾಧ. 2019ರ ತಿದ್ದುಪಡಿಯ ತರುವಾಯ ಮೊದಲ ಸಲಕ್ಕೆ 6 ತಿಂಗಳವರೆಗೆ ಸೆರೆವಾಸ, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಇದನ್ನು ರಸ್ತೆಯ ಬದಿಯಲ್ಲಿ ದಂಡ ಕಟ್ಟಿ ಮುಗಿಸುವಂತಿಲ್ಲ, ನ್ಯಾಯಾಲಯಕ್ಕೇ ಹೋಗಬೇಕು.

ಇದಕ್ಕಿಂತ ಗುರುತರವಾದವು ನಿರ್ಲಕ್ಷ್ಯದ ಚಾಲನೆ ಮತ್ತು ಅದರಿಂದಾಗುವ ಸಾವು. ಹಿಂದೆ ಇವು ಭಾರತೀಯ ದಂಡಸಂಹಿತೆಯ 279 ಮತ್ತು 304ಎ ಕಲಮುಗಳಲ್ಲಿದ್ದವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವು 281 ಮತ್ತು 106ನೆಯ ಕಲಮುಗಳು. ನಿರ್ಲಕ್ಷ್ಯದಿಂದ ಸಾವುಂಟುಮಾಡಿದವನಿಗೆ ಹಿಂದೆ 2 ವರ್ಷಗಳವರೆಗೆ ಇದ್ದ ಸೆರೆವಾಸವು ಈಗ 5 ವರ್ಷಗಳವರೆಗೆ ಆಗಬಹುದು. ಇಂಥ ಪ್ರಕರಣಗಳಲ್ಲಿ ಠಾಣೆಯಲ್ಲಿ ಎಫ್‌ಐಆರ್ ದಾಖಲಾಗುತ್ತದೆ. ಆದುದರಿಂದಲೇ ಪರವಾನಗಿಗಾಗಿ ಠಾಣೆಯಿಂದ ವರದಿ ಹೋಗುವಾಗ ಇವು ತಪ್ಪದೆ ಕಾಣಿಸಿಕೊಳ್ಳುತ್ತವೆ.

‘ನೈತಿಕ ಅಧಃಪತನ’ವೆಂದರೆ ಏನೆಂಬುದನ್ನು ಶಸ್ತ್ರಾಸ್ತ್ರ ಕಾಯ್ದೆಯು ವಿವರಿಸಿಲ್ಲ. ಅದನ್ನು ಆಯಾ ಪ್ರಕರಣದ ಸಂಗತಿಗಳಿಂದಲೇ ನಿರ್ಣಯಿಸಬೇಕು. ಹಾಗಾಗಿ ನಮ್ಮ ಗೃಹಸ್ಥನ ದಂಡದ ಪ್ರಕರಣವು ಅವನಿಗೆ ತಾನಾಗಿಯೇ ಬಾಗಿಲು ಮುಚ್ಚುವುದಿಲ್ಲ. ಆದರೆ 14ನೆಯ ಕಲಮಿನ ಯೋಗ್ಯತೆಯ ಪ್ರಶ್ನೆಯನ್ನು ಎತ್ತಿಯೇ ತೀರುತ್ತದೆ.

ಇತರ ದೇಶಗಳಲ್ಲಿಯೂ ವಿಚಾರದ ದಾರಿ ಇದೇ ಆಗಿದೆ. ಬ್ರಿಟನ್ನಿನಲ್ಲಿ 1968ರ ಅಗ್ನ್ಯಸ್ತ್ರ ಕಾಯ್ದೆಯಂತೆ 3 ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಸೆರೆವಾಸಕ್ಕೆ ಗುರಿಯಾದವನಿಗೆ ಆಜೀವ ನಿಷೇಧವಿದೆ. 3 ತಿಂಗಳಿಂದ 3 ವರ್ಷದೊಳಗಿನ ಶಿಕ್ಷೆಯಾದವನಿಗೆ ಬಿಡುಗಡೆಯಿಂದ 5 ವರ್ಷಗಳ ನಿಷೇಧವಿದೆ. ಸೆರೆವಾಸ ಯಾವ ಅಪರಾಧಕ್ಕೆಂಬುದನ್ನು ಅಲ್ಲಿ ಕೇಳುವುದಿಲ್ಲ. ಅಪಾಯಕರ ಚಾಲನೆಗಾದರೂ ಸರಿಯೇ. ಅಲ್ಲಿನ ಅರ್ಜಿದಾರನು ವಾಹನ ಚಾಲನೆಯ ಅಪರಾಧಗಳಿಗೆ ಆದ ಶಿಕ್ಷೆಗಳನ್ನೂ, ಹಳೆಯವಾದರೂ, ತಿಳಿಸಬೇಕು. ವಾಹನ ನಿಲುಗಡೆಯ ದಂಡವನ್ನು ಮಾತ್ರ ಹೇಳಬೇಕಾಗಿಲ್ಲ. ಪೊಲೀಸ್ ಮುಖ್ಯಾಧಿಕಾರಿಯು ಕೊನೆಗೆ ತನ್ನನ್ನು ತಾನು ಕೇಳಿಕೊಳ್ಳಬೇಕಾದುದು ಇಷ್ಟೇ: ಈ ವ್ಯಕ್ತಿಯನ್ನು ನಂಬಿ ಒಂದು ಆಯುಧವನ್ನು ಅವನ ಕೈಗೊಪ್ಪಿಸಬಹುದೇ?

ಆಕ್ಷೇಪದಲ್ಲಿರುವ ನ್ಯಾಯ

‘ಕಾರಿಗೂ ಕೋವಿಗೂ ಏನು ಸಂಬಂಧ?’ ಎನ್ನುವವನ ಪಕ್ಷದಲ್ಲಿ ಮೂರು ವಾದಗಳಿವೆ. ಒಂದು, ಅವನು ಮಾಡಿದ ತಪ್ಪಿಗೆ ನ್ಯಾಯಾಲಯವು ಈಗಾಗಲೇ ದಂಡ ವಿಧಿಸಿದೆ. ಅದೇ ತಪ್ಪನ್ನು ಮುಂದಿಟ್ಟು ಪರವಾನಗಿಯನ್ನು ನಿರಾಕರಿಸಿದರೆ ಒಂದೇ ಅಪರಾಧಕ್ಕೆ ಎರಡು ಶಿಕ್ಷೆ ಕೊಟ್ಟಂತಾಗುವುದಿಲ್ಲವೇ? ಎರಡು, ರಸ್ತೆಯ ಅಪರಾಧದಲ್ಲಿ ಕೊಲ್ಲುವ ಸಂಕಲ್ಪವಿರುವುದಿಲ್ಲ. ಸಂಕಲ್ಪವಿಲ್ಲದ ತಪ್ಪಿನಿಂದ ಮನುಷ್ಯನ ಶೀಲವನ್ನು ಅಳೆಯುವುದು ಹೇಗೆ? ಮೂರು, ಹಗಲಿರುಳು ರಸ್ತೆಯಲ್ಲಿಯೇ ದುಡಿಯುವ ಲಾರಿ, ಟ್ಯಾಕ್ಸಿಗಳ ಚಾಲಕನು ದಂಡಕ್ಕೆ ಸಿಕ್ಕಿಬೀಳುವ ಸಂಭವ ಹೆಚ್ಚು. ವಾರಕ್ಕೊಮ್ಮೆ ಕಾರು ತೆಗೆಯುವ ಶ್ರೀಮಂತನಿಗೆ ಕಡಿಮೆ. ಹಾಗಿರುವಾಗ ದಂಡದ ಎಣಿಕೆಯು ನಿಜವಾದ ಗುಣವನ್ನು ತೋರಿಸುತ್ತದೆಯೇ?

ಮೂರನೆಯ ವಾದಕ್ಕೆ ಸರ್ವೋಚ್ಚ ನ್ಯಾಯಾಲಯದ ಒಂದು ತೀರ್ಪಿನಲ್ಲಿ ಬೆಂಬಲ ದೊರೆಯುತ್ತದೆ. ಅದು ಕೋವಿಯ ಪ್ರಕರಣವಲ್ಲ, ನೌಕರಿಯ ಪ್ರಕರಣ. ಹರಿಯಾಣದ ಒಬ್ಬ ಸರ್ಕಾರಿ ಕೆಲಸಗಾರನು ಸಾರ್ವಜನಿಕ ಸ್ಥಳದಲ್ಲಿ ಅಸಭ್ಯವಾಗಿ ವರ್ತಿಸಿದನೆಂಬ ಆಪಾದನೆಯನ್ನು ಒಪ್ಪಿಕೊಂಡು 20 ರೂಪಾಯಿ ದಂಡ ತೆತ್ತಿದ್ದನು. ಅದೇ ಕಾರಣದಿಂದ ಅವನ ನೌಕರಿ ಹೋಯಿತು. 1996ರಲ್ಲಿ ನ್ಯಾಯಾಲಯವು ಇದನ್ನು ನೈತಿಕ ಅಧಃಪತನವೆನ್ನಲಾಗದೆಂದು ಹೇಳಿ ಅವನಿಗೆ ಪರಿಹಾರ ನೀಡಿತು. ಸಂಚಾರದ, ಪುರಸಭೆಯ ಸಣ್ಣಪುಟ್ಟ ಅಪರಾಧಗಳಲ್ಲಿ ಜನರು ತಾಪತ್ರಯ ತಪ್ಪಿದರೆ ಸಾಕೆಂದು ತಪ್ಪೊಪ್ಪಿ ದಂಡ ಕಟ್ಟುವುದುಂಟೆಂಬ ವಾಸ್ತವವನ್ನೂ ಅದು ಗಮನಿಸಿತು. ಅಂಥ ಅಲ್ಪದಂಡಗಳು ಬದುಕಿನುದ್ದಕ್ಕೂ ಕಳಂಕವಾಗಬಾರದೆಂಬುದೇ ಆ ತೀರ್ಪಿನ ಆಶಯ. ಇದು ಒಪ್ಪತಕ್ಕ ಮಾತು. ಹಾಗೆಯೇ, ಒಂದು ಮೊಕದ್ದಮೆಯು ಬಾಕಿಯಿದೆಯೆಂಬ ಮಾತ್ರಕ್ಕೆ ಕೊಟ್ಟ ಪರವಾನಗಿಯನ್ನು ರದ್ದುಪಡಿಸಲಾಗದೆಂದು ಅಲಹಾಬಾದ್ ಉಚ್ಚ ನ್ಯಾಯಾಲಯವು ಹಲವು ತೀರ್ಪುಗಳಲ್ಲಿ ಹೇಳಿದೆ. ಆರೋಪವೇ ಅಪರಾಧವಲ್ಲವಷ್ಟೆ.

ಆದರೆ ಮೊದಲನೆಯ ವಾದವು ನಿಲ್ಲಲಾರದು. ಶಿಕ್ಷೆಯು ಕಳೆದುಹೋದುದಕ್ಕೆ ಸಂಬಂಧಿಸಿದ್ದು. ಪರವಾನಗಿಯು ಮುಂದೆ ಬರಲಿರುವುದಕ್ಕೆ ಸಂಬಂಧಿಸಿದ್ದು. ಅರ್ಜಿಯನ್ನು ನಿರಾಕರಿಸಿದಾಗ ಗೃಹಸ್ಥನಿಂದ ಅವನದಾಗಿದ್ದ ಏನನ್ನೂ ಕಿತ್ತುಕೊಂಡಂತಾಗುವುದಿಲ್ಲ. ಹೊಸದೊಂದು ಅಧಿಕಾರವನ್ನು ಕೊಡಲು ಸಮಾಜವು ಹಿಂದೆಗೆಯುತ್ತದೆ, ಅಷ್ಟೆ. ಒಮ್ಮೆ ಲೆಕ್ಕ ತಪ್ಪಿದವನನ್ನು ಖಜಾಂಚಿಯನ್ನಾಗಿ ಮಾಡದಿರುವುದು ಅವನಿಗೆ ವಿಧಿಸಿದ ಶಿಕ್ಷೆಯಲ್ಲ. ಭಂಡಾರದ ಬಗೆಗಿನ ಎಚ್ಚರ. ವಾಹನದ ಕಾಯ್ದೆಯೂ ಇದೇ ನ್ಯಾಯವನ್ನು ಅನುಸರಿಸುತ್ತದೆ. ಅದರ 19ನೆಯ ಕಲಮಿನಂತೆ ರೂಢಿಗತ ಕುಡುಕನಾದವನನ್ನೂ, ಹಿಂದಿನ ಚಾಲನೆಯ ರೀತಿಯಿಂದ ಜನರಿಗೆ ಅಪಾಯಕಾರಿಯೆಂದು ತೋರಿಬಂದವನನ್ನೂ ಚಾಲನಾ ಪರವಾನಗಿಗೆ ಅನರ್ಹನೆಂದು ಸಾರಬಹುದು. ಹಿಂದಿನ ನಡತೆಯಿಂದ ಮುಂದಿನ ಅಪಾಯವನ್ನು ಅಳೆಯುವ ಕ್ರಮವು ಕಾರಿಗೆ ಸಲ್ಲುವುದಾದರೆ ಕೋವಿಗೆ ಏಕೆ ಸಲ್ಲಬಾರದು?

ಸಂಕಲ್ಪವಿಲ್ಲದ ತಪ್ಪು

ಎರಡನೆಯ ವಾದವೇ ಎಲ್ಲಕ್ಕಿಂತ ಗಹನವಾದುದು. ‘ನಾನು ಬೇಕೆಂದು ಮಾಡಲಿಲ್ಲ’ ಎಂಬುದು ಲೋಕದಲ್ಲಿ ಬಹು ದೊಡ್ಡ ಸಮಾಧಾನ. ಈ ಸಮಾಧಾನವನ್ನು ನಮ್ಮ ಆಚಾರ್ಯರು ಸುಲಭವಾಗಿ ಒಪ್ಪಲಿಲ್ಲವೆಂಬುದನ್ನು ವಾಚಕರು ಬಲ್ಲರು. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಂದನ್ನೇ ಎಣಿಸದೆ ಅದರ ಮೂಲದಲ್ಲಿರುವ ಪ್ರಮಾದವನ್ನು ಮುಂದಿಡುತ್ತದೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ವಿಚಾರವನ್ನು ಇನ್ನಷ್ಟು ಮುಂದುವರಿಸುತ್ತಾರೆ. ಎಚ್ಚರದಿಂದ ನಡೆಯುವವನಿಂದ ಅಕಸ್ಮಾತ್ತಾಗಿ ಜೀವಿಯೊಂದು ಸತ್ತರೂ ಅವನಿಗೆ ಹಿಂಸೆಯ ದೋಷವಿಲ್ಲ. ಪ್ರಮಾದಿಯಾದವನಿಗೆ ಯಾವ ಜೀವಿಯೂ ಸಾಯದಿದ್ದರೂ ದೋಷ ತಪ್ಪದು ಎಂಬುದು ಅವರ ನಿಲುವಿನ ಸಾರ.

ಇದನ್ನು ರಸ್ತೆಗೆ ಅನ್ವಯಿಸಿ ನೋಡೋಣ. ಮಿತವೇಗದಲ್ಲಿ, ಮೈಯೆಲ್ಲ ಕಣ್ಣಾಗಿ ವಾಹನ ನಡೆಸುತ್ತಿದ್ದವನ ಮುಂದೆ ಮಗುವೊಂದು ಹಠಾತ್ತನೆ ಓಡಿಬಂದು ಪೆಟ್ಟಾದರೆ ಅದು ದುರಂತವೇ ಹೊರತು ಅವನ ಶೀಲದ ದೋಷವಲ್ಲ. ಇದಕ್ಕೆ ವಿರುದ್ಧವಾಗಿ, ಕುಡಿದು ಕಾರು ನಡೆಸಿ ಯಾರಿಗೂ ತಾಗಿಸದೆ ಮನೆ ಸೇರಿದವನು ಅದೃಷ್ಟವಂತನೇ ಹೊರತು ನಿರ್ದೋಷಿಯಲ್ಲ. 185ನೆಯ ಕಲಮೂ ಇದನ್ನೇ ಹೇಳುತ್ತದೆ. ಯಾರಿಗಾದರೂ ಗಾಯವಾಯಿತೇ ಎಂದು ಅದು ಕೇಳುವುದಿಲ್ಲ. ಚಾಲಕನ ಸ್ಥಿತಿಯನ್ನಷ್ಟೇ ಕೇಳುತ್ತದೆ.

ಪ್ರಮಾದಗಳು ಹದಿನೈದೆಂದು ನಾವು ಬಾಲ್ಯದಲ್ಲಿಯೇ ಪಾಠಶಾಲೆಯಲ್ಲಿ ಕಲಿತಿರುತ್ತೇವೆ: ವಿಕಥೆಗಳು ನಾಲ್ಕು, ಕಷಾಯಗಳು ನಾಲ್ಕು, ಇಂದ್ರಿಯಗಳು ಐದು, ನಿದ್ರೆ ಮತ್ತು ಸ್ನೇಹ. ಪಟ್ಟಿಯಾಗಿ ಕಲಿತುದನ್ನು ಹೆದ್ದಾರಿಯ ಮೇಲೆ ಎದುರಿಗೇ ಕಾಣಬಹುದು. ಹಿಂದಿನಿಂದ ಬಂದವನು ತನ್ನನ್ನು ದಾಟಿ ಮುಂದೆ ಹೋದನೆಂಬ ಕ್ರೋಧ, ತನ್ನ ವಾಹನವೇ ದೊಡ್ಡದೆಂಬ ಮಾನ, ಐದು ನಿಮಿಷ ಮೊದಲು ತಲಪಬೇಕೆಂಬ ಲೋಭ, ದೂರವಾಣಿಯನ್ನು ಕಿವಿಗೆ ಹಚ್ಚಿಕೊಂಡು ನಡೆಸುವ ವಿಕಥೆ, ನಡುರಾತ್ರಿಯ ನಿದ್ರೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನರು ಮಡಿದರೆಂದು ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕವಿದೆ. ಈ ಸಾವುಗಳಲ್ಲಿ ಹತ್ತಕ್ಕೆ ಏಳಕ್ಕೂ ಮಿಕ್ಕಿ ಅತಿವೇಗದಿಂದ ಆದವು. ಇವರನ್ನು ಕೊಲ್ಲಬೇಕೆಂದು ಹೊರಟವರು ವಿರಳ. ಸಂಕಲ್ಪವಿಲ್ಲದೆಯೇ ಇಷ್ಟು ಜೀವಗಳು ಹೋದವು.

ಇಲ್ಲಿಯೇ ಕಾರಿಗೂ ಕೋವಿಗೂ ಇರುವ ಸಂಬಂಧವು ಗೋಚರವಾಗುತ್ತದೆ. ಕೋವಿಯಿಂದಾಗುವ ಅನಾಹುತಗಳಲ್ಲಿಯೂ ದ್ವೇಷದಿಂದ ಹಾರಿಸಿದವು ಒಂದು ಬಗೆಯವು. ಮದ್ದು ತುಂಬಿದ್ದನ್ನು ಮರೆತು ಗೋಡೆಗೆ ಆನಿಸಿದ್ದು, ಮಕ್ಕಳ ಕೈಗೆ ಎಟುಕುವಂತೆ ಇಟ್ಟದ್ದು, ಪೊದೆಯಲ್ಲಿ ಅಲುಗಿದ್ದು ಮೃಗವೆಂದು ಬಗೆದು ಮನುಷ್ಯನಿಗೆ ಗುರಿಯಿಟ್ಟದ್ದು ಮತ್ತೊಂದು ಬಗೆಯವು. ಈ ಎರಡನೆಯ ಬಗೆಗೆ ಕಾರಣವಾದ ಮನಸ್ಸು ರಸ್ತೆಯಲ್ಲಿ ಎಡವಿದ ಮನಸ್ಸೇ. ಮುನಿಗಳಿಗೆ ವಿಧಿಸಿರುವ ಐದು ಸಮಿತಿಗಳಲ್ಲಿ ಈರ್ಯಾಸಮಿತಿಯು ನಾಲ್ಕು ಮೊಳದಷ್ಟು ಮುಂದಿನ ನೆಲವನ್ನು ನೋಡುತ್ತ ನಡೆಯಬೇಕೆಂದು ಹೇಳುತ್ತದೆ. ಆದಾನನಿಕ್ಷೇಪಣ ಸಮಿತಿಯು ಯಾವ ವಸ್ತುವನ್ನೇ ಆಗಲಿ ನೋಡಿ ಎತ್ತಿಕೊಂಡು ನೋಡಿ ಇಡಬೇಕೆಂದು ಹೇಳುತ್ತದೆ. ಒಂದು ನಡೆಯುವ ಕಾಲಿನ ಎಚ್ಚರ, ಮತ್ತೊಂದು ಹಿಡಿಯುವ ಕೈಯ ಎಚ್ಚರ. ಗೃಹಸ್ಥನು ಯಥಾಶಕ್ತಿ ಇವನ್ನು ಪಾಲಿಸುವುದಾದರೆ, ಮೊದಲನೆಯದು ಅವನ ವಾಹನಕ್ಕೂ ಎರಡನೆಯದು ಅವನ ಕೋವಿಗೂ ಸಲ್ಲಬೇಕು. ಒಂದರಲ್ಲಿ ಮತ್ತೆ ಮತ್ತೆ ತಪ್ಪಿದವನು ಇನ್ನೊಂದರಲ್ಲಿ ತಪ್ಪಲಾರನೆಂದು ನಂಬಲು ಆಧಾರವೇನು?

ಆಯುಧವೇ ಪಾಪವೆಂದು ಇಲ್ಲಿ ಹೇಳುತ್ತಿಲ್ಲ. ಗಂಗರ ದಂಡನಾಯಕನಾಗಿದ್ದ ಚಾವುಂಡರಾಯನು ಕತ್ತಿ ಹಿಡಿದವನು. ಶ್ರವಣಬೆಳ್ಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದವನೂ ಅವನೇ. ಗೃಹಸ್ಥನಿಗೆ ವಿರೋಧಿ ಹಿಂಸೆಯು ಸರ್ವಥಾ ನಿಷಿದ್ಧವಲ್ಲ. ಆದರೆ ಕೋವಿ ಇದ್ದ ಮಾತ್ರಕ್ಕೆ ತೋಟಕ್ಕೆ ಬಂದ ಪ್ರಾಣಿಯನ್ನು ಕೊಲ್ಲಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅನುಮತಿಸದು, ನಮ್ಮ ವ್ರತಗಳೂ ಅನುಮತಿಸವು. ಆಯುಧವು ಯಾರ ಕೈಯಲ್ಲಿ, ಯಾವ ಮನಸ್ಸಿನ ಅಧೀನದಲ್ಲಿ ಇರುತ್ತದೆಂಬುದೇ ಮುಖ್ಯ.

ತರತಮ ವಿವೇಕ

ಹಾಗೆಂದು ರಸ್ತೆಯ ಪ್ರತಿಯೊಂದು ತಪ್ಪನ್ನೂ ಒಂದೇ ಗಾಣಕ್ಕೆ ಹಾಕಲಾಗದು. ನಾಲ್ಕು ಭೇದಗಳನ್ನು ಮಾಡಬಹುದು.

ಒಂದನೆಯದು ಅಪರೂಪದ ಸ್ಖಲನ. ಹತ್ತು ವರ್ಷಗಳಲ್ಲಿ ಒಮ್ಮೆ ವೇಗದ ಮಿತಿಯನ್ನು ಮೀರಿದವನಲ್ಲಿ ಅಯೋಗ್ಯತೆಯನ್ನು ಹುಡುಕುವುದು ಅನ್ಯಾಯ. ಎರಡನೆಯದು ರೂಢಿ. ದಂಡವು ಸಣ್ಣದೇ ಇರಲಿ, ಅದೇ ತಪ್ಪಿಗೆ ಮತ್ತೆ ಮತ್ತೆ ದಂಡ ಕಟ್ಟುವವನು ನಿಯಮವನ್ನು ಹಣ ಕೊಟ್ಟು ಮುರಿಯಬಹುದೆಂದು ತಿಳಿದಿರುತ್ತಾನೆ. ಅಂಥವನು ಕೋವಿಯ ಪರವಾನಗಿಯ ಷರತ್ತುಗಳನ್ನೂ ಹಾಗೆಯೇ ಕಾಣುವನು. ಮೂರನೆಯದು ಪಾನಮತ್ತತೆ. ಇಲ್ಲಿ ಎಚ್ಚರವು ತಪ್ಪಿದ್ದಲ್ಲ. ಎಚ್ಚರವನ್ನು ತಾನಾಗಿಯೇ ಕಳೆದುಕೊಂಡದ್ದು. ಕುಡಿದಾಗ ಕಾರಿನ ಕೀಲಿಕೈಯನ್ನು ದೂರವಿಡಲಾರದವನು ಕೋವಿಯನ್ನು ದೂರವಿಡುವನೇ ಎಂಬ ಸಂಶಯವು ಸಹಜ. ನಾಲ್ಕನೆಯದು ಗಾಯಗೊಂಡವನನ್ನು ರಸ್ತೆಯಲ್ಲಿಯೇ ಬಿಟ್ಟು ಓಡಿಹೋಗುವುದು. ಗಾಯಾಳುವಿಗೆ ಚಿಕಿತ್ಸೆ ದೊರಕಿಸಲು ಯತ್ನಿಸಬೇಕು, ಪೊಲೀಸರಿಗೆ ತಿಳಿಸಬೇಕು ಎಂಬುದು ಮೋಟಾರು ವಾಹನ ಕಾಯ್ದೆಯ 134ನೆಯ ಕಲಮು ಚಾಲಕನಿಗೆ ವಿಧಿಸಿದ ಕರ್ತವ್ಯ. ಜನರ ಆಕ್ರೋಶದಿಂದ ಅದು ಸಾಧ್ಯವಾಗದಿದ್ದರೆ ಮಾತ್ರ ವಿನಾಯಿತಿ. ಡಿಕ್ಕಿಯು ಕ್ಷಣಮಾತ್ರದ ಪ್ರಮಾದವಾಗಿರಬಹುದು. ಬಿದ್ದವನನ್ನು ಕಂಡೂ ಓಡಿಹೋದದ್ದು ಆಯ್ಕೆ. ನನ್ನ ದೃಷ್ಟಿಯಲ್ಲಿ ಶೀಲವನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಇದೇ.

ಇವುಗಳೊಂದಿಗೆ ಐದನೆಯದೊಂದನ್ನು ಸೇರಿಸಬೇಕು. ಇದು ಅರ್ಜಿದಾರನು ಸ್ವತಃ ವಾಹನ ನಡೆಸದಿದ್ದಾಗಲೂ ಸಂಭವಿಸುವಂಥದು. ವಯಸ್ಸು ತುಂಬದ ಮಗನ ಕೈಗೆ ವಾಹನ ಕೊಟ್ಟ ತಂದೆಯನ್ನು 2019ರಲ್ಲಿ ಸೇರಿಸಿದ 199ಎ ಕಲಮು ಅಪರಾಧಿಯೆಂದೇ ಎಣಿಸುತ್ತದೆ. 3 ವರ್ಷಗಳವರೆಗೆ ಸೆರೆವಾಸವೂ 25,000 ರೂಪಾಯಿ ದಂಡವೂ ಆಗಬಹುದು. ಹಿಂಸೆಗೆ ಸಾಧನವಾಗಬಲ್ಲ ವಸ್ತುವನ್ನು ಪರರಿಗೆ ಕೊಡುವುದನ್ನು ಅನರ್ಥದಂಡಗಳಲ್ಲಿ ಹಿಂಸಾದಾನವೆಂದು ಕರೆದಿರುವುದು ಇಲ್ಲಿ ನೆನಪಿಗೆ ಬರುತ್ತದೆ. ಕಾರಿನ ಕೀಲಿಕೈಯನ್ನು ಕಾಯ್ದುಕೊಳ್ಳದ ಮನೆಯಲ್ಲಿ ಕೋವಿಯ ಪೆಟ್ಟಿಗೆಯ ಬೀಗದ ಕೈಯು ಭದ್ರವಾಗಿರುವುದೆಂದು ಹೇಳುವುದು ಹೇಗೆ?

ಮುಚ್ಚಿಡುವುದೆಂಬ ಎರಡನೆಯ ತಪ್ಪು

ಅರ್ಜಿಯ ನಮೂನೆಯಲ್ಲಿ ಹಿಂದೆ ಯಾವುದಾದರೂ ಶಿಕ್ಷೆಯಾಗಿದೆಯೇ ಎಂಬ ಪ್ರಶ್ನೆಯಿರುತ್ತದೆ. ಹಳೆಯ ದಂಡವನ್ನು ಯಾರು ಹುಡುಕಿ ತೆಗೆಯುತ್ತಾರೆಂದು ‘ಇಲ್ಲ’ವೆಂದು ಬರೆಯುವ ಆಮಿಷ ಬಲವಾದುದು. ಕಾನೂನಿನ ದೃಷ್ಟಿಯಿಂದ ಇದು ದೊಡ್ಡ ಅಪಾಯ. ಮುಖ್ಯ ಸಂಗತಿಯನ್ನು ಮರೆಮಾಚಿ ಅಥವಾ ತಪ್ಪು ಮಾಹಿತಿ ಕೊಟ್ಟು ಪಡೆದ ಪರವಾನಗಿಯನ್ನು 17ನೆಯ ಕಲಮಿನಂತೆ ಅಮಾನತುಗೊಳಿಸಬಹುದು, ರದ್ದುಪಡಿಸಲೂಬಹುದು. ಸರ್ಕಾರಿ ನೌಕರಿಯ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2016ರ ಒಂದು ತೀರ್ಪಿನಲ್ಲಿ ಈ ಪ್ರಶ್ನೆಯನ್ನು ವಿವರವಾಗಿ ಪರಿಶೀಲಿಸಿದೆ. ಅಭ್ಯರ್ಥಿಯು ಕೊಡುವ ಮಾಹಿತಿ ಸತ್ಯವಾಗಿರಲೇಬೇಕು. ಕ್ಷುಲ್ಲಕವಾದುದನ್ನು ಮುಚ್ಚಿಟ್ಟಿದ್ದರೆ ಅದನ್ನು ಮನ್ನಿಸುವ ವಿವೇಚನೆಯು ನೇಮಕ ಮಾಡುವವರಿಗೆ ಸೇರಿದ್ದು ಎಂಬುದು ಅದರ ಸಾರ. ಯಾವುದು ಕ್ಷುಲ್ಲಕವೆಂದು ನಿರ್ಣಯಿಸುವ ಅಧಿಕಾರ ಅರ್ಜಿದಾರನದಲ್ಲವೆಂಬುದನ್ನು ಇದರಿಂದ ತಿಳಿಯಬೇಕು.

ನೈತಿಕವಾಗಿ ನೋಡಿದರೆ ಮುಚ್ಚಿಡುವಿಕೆಯು ಮೂಲ ತಪ್ಪಿಗಿಂತ ಕೆಟ್ಟದ್ದು. ರಸ್ತೆಯ ತಪ್ಪು ಪ್ರಮಾದದಿಂದಾದುದು. ಅರ್ಜಿಯ ಸುಳ್ಳು ಸಂಕಲ್ಪದಿಂದಾದುದು. ಗುರುಗಳೆದುರು ದೋಷವನ್ನು ನಿವೇದಿಸುವ ಆಲೋಚನೆಯಲ್ಲಿ ಹತ್ತು ದೋಷಗಳನ್ನು ಭಗವತೀ ಆರಾಧನೆಯು ಎಣಿಸಿದೆ. ಅವುಗಳಲ್ಲಿ ಪರರು ಕಂಡ ತಪ್ಪನ್ನು ಮಾತ್ರ ಹೇಳುವುದು ಒಂದು. ದೊಡ್ಡದನ್ನು ಹೇಳಿ ಸಣ್ಣದನ್ನು ಅಡಗಿಸುವುದು ಒಂದು. ಸಣ್ಣದನ್ನು ಹೇಳಿ ದೊಡ್ಡದನ್ನು ಅಡಗಿಸುವುದು ಮತ್ತೊಂದು. ಸರ್ಕಾರಿ ನಮೂನೆಯನ್ನು ತುಂಬುವವನು ಈ ಮೂರನ್ನೂ ಮಾಡಬಲ್ಲನು. ಸರ್ಕಾರವು ಗುರುವಲ್ಲ, ನಮೂನೆಯು ಪ್ರಾಯಶ್ಚಿತ್ತವೂ ಅಲ್ಲ. ಆದರೂ ತನ್ನ ಹಿಂದಿನ ಪ್ರಮಾದವನ್ನು ಇದ್ದಂತೆ ಬರೆಯಬಲ್ಲವನು ಅದನ್ನು ತಾನು ಕಂಡಿದ್ದಾನೆಂಬುದಕ್ಕೆ ಮೊದಲ ಪುರಾವೆ ಕೊಟ್ಟಂತೆ. ಯಾವ ವರ್ಷ ಏನಾಯಿತು, ಎಷ್ಟು ದಂಡವಾಯಿತು, ತರುವಾಯ ತನ್ನ ನಡತೆ ಹೇಗಿದೆ ಎಂಬುದನ್ನು ನೇರವಾಗಿ ಬರೆದ ಅರ್ಜಿಯೇ ವಿವೇಕಿಯಾದ ಅಧಿಕಾರಿಯ ವಿಶ್ವಾಸಕ್ಕೆ ಯೋಗ್ಯವಾದುದು.

ಕಾಲವೂ ಪರಿವರ್ತನೆಯೂ

ಹಾಗಾದರೆ ಒಮ್ಮೆ ತಪ್ಪಿದವನು ಸದಾ ಅಯೋಗ್ಯನೇ? ಅಲ್ಲ. ಅವನನ್ನು ಹಾಗೆ ಕಟ್ಟಿಹಾಕಿದರೆ ಪ್ರತಿಕ್ರಮಣಕ್ಕೆ ಅರ್ಥವೇ ಉಳಿಯದು. 9ನೆಯ ಕಲಮು ಕೂಡ ಸೆರೆವಾಸ ಅನುಭವಿಸಿದವನಿಗೆ 5 ವರ್ಷಗಳ ಗಡಿಯನ್ನು ಹಾಕಿದೆಯೇ ಹೊರತು ಬಾಗಿಲನ್ನು ಶಾಶ್ವತವಾಗಿ ಮುಚ್ಚಿಲ್ಲ. ಕಾಲವು ತಪ್ಪನ್ನು ಅಳಿಸುತ್ತದೆಂಬುದು ಇದರ ಅರ್ಥವಲ್ಲ; ಮನುಷ್ಯನು ಬದಲಾದನೇ ಎಂದು ಪರೀಕ್ಷಿಸಲು ಕಾಲವು ಬೇಕೆಂಬುದು ಅರ್ಥ. ಐದು ವರ್ಷ ಸುಮ್ಮನೆ ಕಾಯ್ದವನಿಗಿಂತ ಎರಡೇ ವರ್ಷಗಳಲ್ಲಿ ಮದ್ಯವನ್ನು ಬಿಟ್ಟು, ತನ್ನಿಂದ ಗಾಯಗೊಂಡವನ ಮನೆಯ ಯೋಗಕ್ಷೇಮವನ್ನು ನೋಡಿಕೊಂಡವನು ಹೆಚ್ಚು ದೂರ ಬಂದಿರುತ್ತಾನೆ. ಕಾನೂನಿಗೆ ಈ ವ್ಯತ್ಯಾಸ ಕಾಣಿಸದಿರಬಹುದು. ಊರಿನವರಿಗೂ ಮನೆಯವರಿಗೂ ಕಾಣಿಸುತ್ತದೆ.

ಕಾನೂನು ಪ್ರಶ್ನೆಯನ್ನೇ ಕೇಳದ ಸಂದರ್ಭಗಳೂ ಉಂಟು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ; ಅದನ್ನು 2019ರಲ್ಲಿ 2029ರವರೆಗೆ ಮುಂದುವರಿಸಲಾಯಿತು. ಅಲ್ಲಿ ಠಾಣೆಯ ವರದಿಯಿಲ್ಲದೆ ಕೋವಿಯನ್ನು ಇಟ್ಟುಕೊಳ್ಳಬಹುದಾದರೂ ಇಟ್ಟುಕೊಳ್ಳುವವನ ಎಚ್ಚರವು ಅಷ್ಟೇ ಅಗತ್ಯ. ಪರವಾನಗಿಯು ಪಾತ್ರತೆಯ ಒಂದು ಹೊರಗಿನ ಗುರುತು ಮಾತ್ರ.

ಧರ್ಮಸಂಸ್ಥೆಗಳ ಹೊಣೆ

ಈ ವಿಚಾರವು ವ್ಯಕ್ತಿಗಳಿಗಷ್ಟೇ ಸೀಮಿತವಲ್ಲ. ಪ್ರಾಚೀನ ಲೋಹಪ್ರತಿಮೆಗಳೂ ಆಭರಣಗಳೂ ಇರುವ ಬಸದಿಗಳಲ್ಲಿ ಕಳವಿನ ಭೀತಿಯಿಂದ ಕೋವಿ ಹಿಡಿದ ಕಾವಲುಗಾರನನ್ನು ನೇಮಿಸಬೇಕೆಂಬ ಸಲಹೆಯು ಟ್ರಸ್ಟಿನ ಸಭೆಗಳಲ್ಲಿ ಬರುವುದುಂಟು. ಹಾಗೆ ನೇಮಿಸುವಾಗ ಅವನ ಬಳಿ ಪರವಾನಗಿಯ ಪುಸ್ತಕವಿದೆಯೆಂಬುದನ್ನು ನೋಡಿ ತೃಪ್ತರಾಗುವುದು ಸಾಲದು. 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆಯು ಕಾವಲುಗಾರನ ನಡತೆಯನ್ನೂ ಪೂರ್ವಚರಿತ್ರೆಯನ್ನೂ ಪರಿಶೀಲಿಸಬೇಕೆಂದು ಸಂಸ್ಥೆಗಳಿಗೆ ವಿಧಿಸಿದೆ. ಟ್ರಸ್ಟಿನವರು ತಾವಾಗಿ ಇನ್ನೂ ಒಂದು ಹೆಜ್ಜೆ ಮುಂದಿಡಬಹುದು. ಅವನು ಕುಡಿಯುತ್ತಾನೆಯೇ, ವಾಹನ ನಡೆಸುವುದು ಹೇಗೆ, ಹಿಂದೆ ಅಪಘಾತವಾಗಿದ್ದರೆ ಆಗ ಹೇಗೆ ನಡೆದುಕೊಂಡ ಎಂದು ವಿಚಾರಿಸಬಹುದು. ಕೋವಿಯನ್ನು ಎಲ್ಲಿ ಇಡುತ್ತಾನೆ, ಮದ್ದನ್ನು ಎಲ್ಲಿ ಇಡುತ್ತಾನೆ ಎಂಬುದನ್ನು ಕಣ್ಣಾರೆ ಕಾಣಬಹುದು. ಜಿನಾಲಯದ ಅಂಗಳದಲ್ಲಿ ಒಂದು ಗುಂಡು ತಪ್ಪಿ ಹಾರಿದರೆ ಅದರ ಹೊಣೆ ಕಾವಲುಗಾರನೊಬ್ಬನದಾಗುವುದಿಲ್ಲ.

ಇನ್ನೊಂದು ವಿಷಯ. ಸಮಾಜದ ಹಿರಿಯರೂ ಟ್ರಸ್ಟಿನ ಪದಾಧಿಕಾರಿಗಳೂ ಪರಿಚಯದವರಿಗೆ ‘ಸನ್ನಡತೆಯವರು’ ಎಂಬ ಪತ್ರವನ್ನು ಬರೆದುಕೊಡುವ ವಾಡಿಕೆಯಿದೆ. ಕೇಳಿದವನು ಬಂಧುವೋ ದಾನಿಯೋ ಆಗಿದ್ದಾಗ ನಿರಾಕರಿಸುವುದು ಕಷ್ಟ. ಆದರೆ ಕೋವಿಯ ಅರ್ಜಿಗೆ ಜೊತೆಯಾಗಿ ಹೋಗುವ ಅಂಥ ಪತ್ರವು ಮದುವೆಯ ಆಮಂತ್ರಣವಲ್ಲ. ಅವನು ಕುಡಿದು ವಾಹನ ನಡೆಸುವುದನ್ನು ಕಂಡವರೇ ಅವನ ಸನ್ನಡತೆಗೆ ರುಜು ಹಾಕಿದರೆ ಆ ರುಜುವಿನಲ್ಲಿ ಸತ್ಯವೆಲ್ಲಿ? ದಾಕ್ಷಿಣ್ಯದಿಂದ ಹೇಳಿದ ಸುಳ್ಳೂ ಸುಳ್ಳೇ. ‘ಈ ವಿಷಯದಲ್ಲಿ ನಾನು ಬರೆದುಕೊಡಲಾರೆ’ ಎಂದು ಮೃದುವಾಗಿ ಹೇಳುವ ಹಿರಿಯನು ಕೇಳಿದವನಿಗೂ ಅವನ ನೆರೆಹೊರೆಯವರಿಗೂ ಉಪಕಾರವನ್ನೇ ಮಾಡುತ್ತಾನೆ.

ಮೊದಲಿನ ಪ್ರಶ್ನೆಗೆ ಉತ್ತರವನ್ನು ಈಗ ಹೀಗೆ ಹೇಳಬಹುದು. ಕಾರಿನ ತಪ್ಪು ಕೋವಿಯ ಅರ್ಜಿಯಲ್ಲಿ ಲೆಕ್ಕಕ್ಕೆ ಬರುವುದು ನ್ಯಾಯವೇ. ಆದರೆ ಬರಬೇಕಾದುದು ದಂಡದ ಚೀಟಿಗಳ ಸಂಖ್ಯೆಯಲ್ಲ, ಆ ತಪ್ಪು ತೋರಿಸಿದ ಮನಸ್ಸು ಮತ್ತು ಆಮೇಲೆ ಆ ಮನಸ್ಸು ಹಿಡಿದ ದಾರಿ. ಇದನ್ನು ಅಧಿಕಾರಿಯು ಅರ್ಧದಷ್ಟನ್ನು ಮಾತ್ರ ತಿಳಿಯಬಲ್ಲನು. ಉಳಿದರ್ಧವನ್ನು ತಿಳಿದವನು ಅರ್ಜಿದಾರನೊಬ್ಬನೇ. ಆದುದರಿಂದ ಜಿಲ್ಲಾಧಿಕಾರಿಯವರ ಕಚೇರಿಗೆ ಹೋಗುವ ಮುನ್ನ ಗೃಹಸ್ಥನು ಒಂದು ಸಂಜೆ ತನ್ನ ಚಾಲನೆಯ ಇತಿಹಾಸವನ್ನು, ಯಾರೂ ಕಾಣದ ಘಟನೆಗಳನ್ನೂ ಸೇರಿಸಿಕೊಂಡು, ಮನಸ್ಸಿನಲ್ಲಿ ತಿರುವಿ ನೋಡಲಿ. ಅದನ್ನು ಪೂರ್ತಿಯಾಗಿ ಬಲ್ಲ ಪತ್ನಿಯನ್ನೋ ತಾಯಿಯನ್ನೋ ಕೇಳಲಿ: ‘ಈ ಮನೆಯಲ್ಲಿ ನನ್ನ ಕೈಗೆ ಕೋವಿಯೊಂದು ಬಂದರೆ ನಿಮಗೆ ಧೈರ್ಯವಾಗುವುದೋ, ಭಯವಾಗುವುದೋ?’ ಭಯವೆಂಬ ಉತ್ತರ ಬಂದರೆ ಅರ್ಜಿಯನ್ನು ಕೆಲವು ವರ್ಷ ಮುಂದೂಡುವುದೇ ಲೇಸು.